ಹನ್ನೊಂದು ಗೆರೆ

ಧೋಬಿ ತಲಾವಿನ ಸಣ್ಣ ದಾವೆ ಕೋರ್ಟಿನ ಹೊರಗೆ
ಬಸ್ಸಿನ ಕಂಬಕ್ಕೂ ಕಬ್ಬಿನ ಹಾಲಿನ ಗಾಡಿಗೂ ನಡುವೆ
ಐತಪ್ಪ ಬಂಗೇರರ ಮೇಜು. ಮೂರು ಕಾಲು ಅವರದು,
ನಾಲ್ಕನೆಯದು ಮುನಿಸಿಪಾಲ್ಟಿಯ ಕಲ್ಲು.
ಹಗಲು ನಾನು ಅವರಿಗೆ ಕಾರ್ಬನ್ ಜೋಡಿಸುವವನು,
ರಾತ್ರಿ ಕೋಟೆಯ ಕನ್ನಡ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ.

ಪುಟಕ್ಕೆ ಎರಡು ರೂಪಾಯಿ. ಗಿರಾಕಿ ಇಲ್ಲದ ಮಧ್ಯಾಹ್ನ
ಕೆಟ್ಟುಹೋದ ಸ್ಟಾಂಪ್ ಕಾಗದದ ಬೆನ್ನಿಗೆ
ಅವರು ಮಹಡಿ ಕಟ್ಟುತ್ತಿದ್ದರು:
ಎಕ್ಸಿನ ಇಟ್ಟಿಗೆ, ಅಡಿಗೆರೆಯ ಮೆಟ್ಟಿಲು,
ರೋಲರನ್ನು ಅರ್ಧ ಹಲ್ಲು ಹಿಂದಕ್ಕೆ ಸರಿಸಿದರೆ ಒಂದು ತಿರುವು.
ಏರುತ್ತ, ಏರುತ್ತ, ನಾಲ್ಕೂ ಮೂಲೆ ದಾಟಿ
ಹೊರಟ ಮೆಟ್ಟಿಲಿಗೇ ಬಂದು ನಿಲ್ಲುತ್ತಿದ್ದೆ,
ಒಮ್ಮೆಯೂ ಇಳಿಯದೆ.
"ಎಲ್ಲಿ ಮೋಸ?"
"ಹುಡುಕು. ಸಿಕ್ಕಿದರೆ ಚಾ ನನ್ನದು."
ಬೆರಳಿಟ್ಟು ಹತ್ತಿದೆ. ಬೆರಳಿಗೆ ಮಸಿ ಹತ್ತಿತು, ಅಷ್ಟೆ.
ಒಂದೊಂದು ಮೆಟ್ಟಿಲೂ ಸಾಚಾ, ಒಟ್ಟು ಮಾತ್ರ ಸುಳ್ಳು.
"ಅಫಿಡವಿಟ್ಟಿನ ಹಾಗೆ" ಎಂದರು, ತಲೆಯೆತ್ತದೆ.

ನಮ್ಮ ಲಿಪಿಯಲ್ಲಿ ಇದಾಗದು ಎಂದೂ ಅವರೇ ಅಂದದ್ದು.
ಮೂಲೆಯೇ ಇಲ್ಲದ ಅಕ್ಷರ, ಎಲ್ಲ ಗುಂಡಗೆ, ಉಂಡು ಮಲಗಿದ ಹಾಗೆ.
ಆದರೂ ನನ್ನ ವ್ಯಾಕರಣದ ಪಟ್ಟಿಯಲ್ಲಿ ಪೆನ್ಸಿಲಿನಿಂದ
ಸಾಲಾಗಿ ಬರೆದುಕೊಟ್ಟರು, ಪುಟ ತುಂಬ

ಠ ಠ ಠ ಠ ಠ ಠ ಠ
 ಠ ಠ ಠ ಠ ಠ ಠ
ಠ ಠ ಠ ಠ ಠ ಠ ಠ

ರೆಪ್ಪೆ ಬಡಿಯದೆ ನೋಡಿದೆ. ಬೊಟ್ಟುಗಳು ಮೆಲ್ಲಗೆ
ಕಡೆಯ ಲೋಕಲ್ಲಿನ ಹಾಗೆ ಜಾರತೊಡಗಿದವು.
ಮೇಷ್ಟರು ಕಿವಿ ಹಿಂಡಿದರು.

ಒಂದು ಸೋಮವಾರ ಪರೇಲಿನ ಘಾಡಿಗಾಂವ್ಕರರು,
ದತ್ತಾರಾಮ, ಯಶವಂತ, ಅಣ್ಣತಮ್ಮಂದಿರು.
ಒಂದು ಖೋಲಿ, ನಡುವೆ ಪ್ಲೈವುಡ್ಡಿನ ಹಲಗೆ.
ಅಣ್ಣನ ಪಾಲಿಗೆ ಮೋರಿಯ ಮೂಲೆ,
ತಮ್ಮನ ಪಾಲಿಗೆ ಗ್ಯಾಲರಿಯ ಬಾಗಿಲು.
"ಅವನದು ದೊಡ್ಡದು." ಇಬ್ಬರದೂ ಅದೇ ದೂರು,
ಅದೇ ಮಾತು, ಬೇರೆಬೇರೆ ಪ್ರತಿ.
ಕೋರ್ಟಿನ ಅಮೀನ ಟೇಪು ಹಿಡಿದಾಗ ಎರಡೂ ಹನ್ನೊಂದು ಅಡಿ.
ಟೇಪೇ ಲಂಚ ತಿಂದಿದೆ ಎಂದ ಅಣ್ಣ.

ಬಂಗೇರರು ಹೊಸ ಹಾಳೆ ಏರಿಸಿದರು. ಟಕ್ ಟಕ್ ಟಕ್.

(-----------)

)-----------(

"ಯಾವುದು ಉದ್ದ?"
ಹಲಗೆ ಬಂದ ಮೇಲೆ ಮೊದಲ ಸಲವಿರಬೇಕು,
ಇಬ್ಬರ ಬೆರಳೂ ಒಂದೇ ಕಡೆ ಹೋಯಿತು: ಕೆಳಗಿನದು.
"ಎಣಿಸಿ."
ಎಣಿಸಿದರು, ಮರಾಠಿಯಲ್ಲಿ, ಜೋರಾಗಿ, ತಲೆಗೆ ತಲೆ ತಾಗಿ.
ಅಕರಾ.
ಮತ್ತೆ, ಅಕರಾ.
"ಕಂಸ ಅದೇ. ಮೋರೆ ತಿರುಗಿಸಿದೆ, ಅಷ್ಟೆ" ಎಂದರು ಬಂಗೇರರು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು
ಎಂದು ಹಿಂದಿನ ರಾತ್ರಿಯಷ್ಟೇ ಹತ್ತು ಸಲ ಬರೆದಿದ್ದೆ.
ಪ್ರಮಾಣಿಸಿ ನೋಡಿದ ಯಶವಂತ ಹಾಳೆಯನ್ನು ದೂರ ಹಿಡಿದು,
ಕತ್ತು ಓರೆ ಮಾಡಿ, ಒಂದು ಕಣ್ಣು ಮುಚ್ಚಿ ಅಂದ:
"ಖರೆ. ಆದರೂ ಅದೇ ಉದ್ದ."
ಅಣ್ಣ ನಕ್ಕ. ಕೆಮ್ಮಿದನೋ ಏನೋ.

ದಾವೆ ವಾಪಸು ತೆಗೆಯಲಿಲ್ಲ, ಅದೆಲ್ಲ ಕತೆಯಲ್ಲಿ.
ಎರಡು ಪ್ರತಿಗೆ ನಾಲ್ಕು ರೂಪಾಯಿ ಎಣಿಸಿ
ಒಬ್ಬ ಮೆಟ್ರೊ ಟಾಕೀಸಿನ ಕಡೆ, ಒಬ್ಬ ಮರೀನ್ ಲೈನ್ಸಿನ ಕಡೆ.
ಆ ಹಾಳೆಯನ್ನು ಯಾರು ಕಿಸೆಗಿಟ್ಟರೋ, ಮೇಜಿನ ಮೇಲಂತೂ ಇರಲಿಲ್ಲ.

ಮಹಡಿಯ ಕಾಗದ ನನ್ನ ಹತ್ತಿರ ಇದೆ.
ನಾಲ್ಕು ಮಡಿಕೆಯಲ್ಲಿ ಮೂವತ್ತು ವರ್ಷ.
ಮೊನ್ನೆ ಡೊಂಬಿವಲಿಯ ಮನೆಯಲ್ಲಿ ಬಿಡಿಸಿದಾಗ
ಮೂರನೆಯ ಮೂಲೆಯಲ್ಲಿ ಒಂದು ಮೆಟ್ಟಿಲು ಇರಲಿಲ್ಲ,
ಮಡಿಕೆ ತಿಂದಿತ್ತು.
ಸಿಕ್ಕಿತು ಬಂಗೇರರೇ, ಎಂದೆ ಗೋಡೆಗೆ. ಇಲ್ಲೇ ಮೋಸ.

ಅವರು ಏನನ್ನುತ್ತಿದ್ದರೆಂದು ಗೊತ್ತು:
ಅದು ಮಡಿಕೆಯ ಕೆಲಸ, ನನ್ನದಲ್ಲ.
ಚಾ ಲೆಕ್ಕಕ್ಕಿಲ್ಲ.